ಮಕ್ಕಳ ಕೈಗೊಂದು ಪಾತಿ

(ಶಿವಮೊಗ್ಗದ ರವೀಂದ್ರನಗರದಲ್ಲಿ ಮಕ್ಕಳ ಕೈತೋಟ ತಂಡ ಆರಂಭವಾದ ದಿನ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ಈ ಬಡಾವಣೆಯಲ್ಲಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಗದ್ದೆಯೋ ಅಡಿಕೆ ತೋಟವೋ ಉಂಟು. ಆದರೆ ನಮ್ಮ ಮಕ್ಕಳು ಅಲ್ಲಿಗೆ ಹೋಗುವುದು ಹಬ್ಬಕ್ಕೆ, ಇಲ್ಲವೇ ರಜೆಗೆ. ಹಳ್ಳಿಯಲ್ಲೇ ಇರುವ ರೈತರ ಮಕ್ಕಳಿಗೂ ಈಗ ಶಾಲೆ, ಮನೆಪಾಠಗಳ ನಡುವೆ ಮಣ್ಣು ಮುಟ್ಟಲು ಬಿಡುವಿಲ್ಲ. ಆದುದರಿಂದ ನಾನು ಹೇಳುವ ಮಾತು ಪಟ್ಟಣಕ್ಕೂ ಹಳ್ಳಿಗೂ ಒಂದೇ.

ಮಕ್ಕಳ ತಂಡ ಕಟ್ಟಿ ಬೇಸಾಯ ಕಲಿಸುವ ಪದ್ಧತಿ ಹೊಸದೇನಲ್ಲ. 1902ರ ಜನವರಿಯಲ್ಲಿ ಅಮೆರಿಕದ ಓಹಿಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹುಡುಗ ಹುಡುಗಿಯರ ಒಂದು ಸಂಘ ಕಟ್ಟಿದರು. ಆ ಮಕ್ಕಳು ಮೆಕ್ಕೆಜೋಳ, ತರಕಾರಿ ಬೆಳೆದರು. ಲಿಟ್ಮಸ್ ಕಾಗದ ಹಿಡಿದು ಮಣ್ಣು ಪರೀಕ್ಷಿಸಿದರು. ಮುಂದೆ 4-ಎಚ್ ಎಂದು ಹೆಸರಾದ ಚಳವಳಿಗೆ ಇದೇ ಬೀಜ. ನಮ್ಮಲ್ಲಿ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣಕ್ಕೆ ಕೈಕೆಲಸವೇ ಆಧಾರ. 2019ರಲ್ಲಿ ಕೇಂದ್ರ ಸರ್ಕಾರ ಶಾಲೆಗಳ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗೆ ಕಳಿಸುವುದೂ ಮಾಡಿ ಕಲಿಯಲಿ ಎಂದೇ.

ಆದರೆ 'ಮಾಡಿ ಕಲಿಯುವುದು' ಎಂದರೆ ಯಾರು ಮಾಡುವುದು? ಇಲ್ಲೇ ನಾವು ಎಡವುತ್ತೇವೆ. ನಾನೇ ಎಡವಿದ್ದೇನೆ.

ನನ್ನ ಮಗಳು ಒಂಬತ್ತು ವರ್ಷದವಳಿದ್ದಾಗ ಹಿತ್ತಿಲಲ್ಲಿ ಒಂದು ಪಾತಿಗೆ ಬೆಂಡೆ ಬೀಜ ಹಾಕಿದಳು. ಮೂರು ಬೆರಳು ಆಳಕ್ಕೆ ಊರಿ, ಬೆಳಿಗ್ಗೆ ಸಂಜೆ ನೀರು ಸುರಿದಳು. ಎಂಟು ದಿನವಾದರೂ ಒಂದೂ ಹುಟ್ಟಲಿಲ್ಲ. ಅವಳ ಸಪ್ಪೆ ಮುಖ ನೋಡಲಾರದೆ, ನರ್ಸರಿಯಿಂದ ಸಸಿ ತಂದು ಅವಳು ಮಲಗಿದ ಮೇಲೆ ನೆಟ್ಟುಬಿಟ್ಟೆ. ಮರುದಿನ ಅವಳು ನೋಡಿದಳು, ಏನೂ ಅನ್ನಲಿಲ್ಲ. ಸಂಜೆ ನೀರು ಹಾಕಲು ಬರಲೂ ಇಲ್ಲ. ಕೇಳಿದ್ದಕ್ಕೆ, "ಅದು ನಿನ್ನ ಗಿಡ ಅಪ್ಪಾ. ನನ್ನ ಬೀಜ ಯಾಕೆ ಹುಟ್ಟಲಿಲ್ಲ, ಹೇಳು" ಎಂದಳು.

ಬೇಸಾಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ನಾನು ಅವಳ ಪಾಠವನ್ನೇ ಕಸಿದುಕೊಂಡಿದ್ದೆ. ಇಬ್ಬರೂ ಮಣ್ಣು ಕೆದಕಿದೆವು. ಕೊಳೆತ ಬೀಜ ಸಿಕ್ಕಿತು; ಮೂಸಿ ನೋಡಿದಳು. ಆ ಸಸಿಗಳನ್ನು ಬೇರೆಡೆ ನೆಟ್ಟು ಪಾತಿ ಖಾಲಿ ಮಾಡಿಕೊಟ್ಟೆ. ಈ ಬಾರಿ ಆಳವನ್ನು ಅಳತೆಪಟ್ಟಿಯಿಂದ ತಾನೇ ಅಳೆದು 12 ಬೀಜ ಹಾಕಿದಳು. 9 ಹುಟ್ಟಿದವು.

ಈ ತಂಡದಲ್ಲಿ ಅನುಸರಿಸಬೇಕಾದ ಕ್ರಮ ಹೀಗಿರಲಿ:

ಪಾತಿ: ಪ್ರತಿ ಮಗುವಿಗೆ 3 ಅಡಿ ಅಗಲ, 6 ಅಡಿ ಉದ್ದದ ಸ್ವಂತ ಪಾತಿ ಕೊಡಿ. ಇದಕ್ಕಿಂತ ಅಗಲವಾದರೆ ಮಗುವಿನ ಕೈ ನಡುವಿಗೆ ಎಟಕದು. ಒಳಗೆ ತುಳಿದರೆ ಮಣ್ಣು ಗಟ್ಟಿಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ನೀರು ನಿಲ್ಲದಂತೆ ಅರ್ಧ ಅಡಿ ಏರುಮಡಿ ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು.

ಬೆಳೆ: ಮಕ್ಕಳಿಗೆ ತಾಳ್ಮೆ ಕಡಿಮೆ, ಮೊದಲ ಕೊಯ್ಲು ಬೇಗ ಸಿಗಬೇಕು. ಹರಿವೆ ಬೀಜ ಬಹಳ ಸಣ್ಣದು. ಒಣ ಮರಳಿನಲ್ಲಿ ಬೆರೆಸಿ ಚೆಲ್ಲಬೇಕು. 25-30 ದಿನಕ್ಕೆ ಕೀಳಬಹುದು. ಮೂಲಂಗಿಗೆ 40-45 ದಿನ ಸಾಕು. ಬೆಂಡೆ ಬೀಜವನ್ನು ಒಂದು ರಾತ್ರಿ ನೆನೆಸಿ, 2 ಸೆಂ.ಮೀ. ಆಳಕ್ಕೆ, ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿ ಬಿಟ್ಟು ಹಾಕಬೇಕು. ಕಾಯಿ ಬಿಟ್ಟ ಮೇಲೆ ದಿನ ಬಿಟ್ಟು ದಿನ ಕೊಯ್ಯದಿದ್ದರೆ ಬಲಿತು ನಾರಾಗುತ್ತದೆ.

ಪುಸ್ತಕ: ಬಿತ್ತಿದ ದಿನ, ಹುಟ್ಟಿದ ದಿನ, ಹೂ ಕಂಡ ದಿನ, ಕೊಯ್ದ ತೂಕ ಇವನ್ನು ಮಗುವೇ ಬರೆದಿಡಲಿ.

ಎಚ್ಚರಿಕೆ: ಅಂಗಡಿಯ ಕೆಲವು ಬೀಜಗಳಿಗೆ ಔಷಧಿ ಲೇಪಿಸಿ ಬಣ್ಣ ಹಚ್ಚಿರುತ್ತಾರೆ. ಅಂತಹ ಬೀಜ ಮಕ್ಕಳ ಕೈಗೆ ಬೇಡ. ಕೀಟನಾಶಕವಂತೂ ಬೇಡವೇ ಬೇಡ. ರೋಗ ತಗುಲಿದ ಗಿಡವನ್ನು ಕಿತ್ತು ಹಾಕಿದರಾಯಿತು. ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಸಿ.

ಇನ್ನು ಪೋಷಕರ ಕೆಲಸ. ಮಗುವಿನ ಗಿಡ ಒಣಗಿದರೆ ಕದ್ದು ನೀರು ಹಾಕಬೇಡಿ. ಬೈಯಲೂ ಬೇಡಿ. ಮಗುವಿನೊಡನೆ ಕುಳಿತು ಬೇರು ತೆಗೆದು ನೋಡಿ, ಮತ್ತೆ ಬಿತ್ತಲು ಬೀಜ ಕೊಡಿ. ಮಳೆ ಕೈಕೊಟ್ಟಾಗ ರೈತ ಮಾಡುವುದೂ ಇದನ್ನೇ ಅಲ್ಲವೇ?

ಮೂರು ತಿಂಗಳ ಅನಂತರ ಈ ತಂಡ ಪ್ರದರ್ಶನ ನಡೆಸಲಿದೆ. ಅಂದು ತುಂಬಿದ ಪಾತಿಗಳನ್ನು ಮಾತ್ರ ನೋಡಿ ಹೋಗಬೇಡಿ. ಬರಿದಾದ ಪಾತಿಯ ಬಳಿಯೂ ನಿಂತು, ಏನಾಯಿತೆಂದು ಕೇಳಿ. ಕಾರಣ ತಿಳಿದು ಹೇಳಬಲ್ಲ ಮಗುವಿಗೂ ಒಂದು ಬಹುಮಾನ ಇರಲಿ.