ಕ್ಯಾಪ್ಟನ್ ಆಲ್ ಹೇನ್ಸ್: ಒಂದು ನೆನಪು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಒಬ್ಬ ದೊಡ್ಡ ಮನುಷ್ಯನ ಜೀವನದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದರು. ವಿಶ್ವೇಶ್ವರಯ್ಯನವರ ಬಗ್ಗೆ, ಕಲಾಂ ಅವರ ಬಗ್ಗೆ ನೀವು ಬೇಕಾದಷ್ಟು ಕೇಳಿದ್ದೀರಿ. ನಾನು ವಿಜ್ಞಾನದ ಮಾಸ್ತರನಾಗಿ ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹತ್ತನೇ ತರಗತಿಯ ಮಕ್ಕಳಿಗೆ ನಾನು ಹೇಳುತ್ತಿದ್ದ ಒಬ್ಬ ಪೈಲಟ್ಟಿನ ಕಥೆಯನ್ನೇ ಇಲ್ಲಿಯೂ ಹೇಳುತ್ತೇನೆ. ಹೆಸರು ಆಲ್ ಹೇನ್ಸ್. ಅಮೆರಿಕದವರು. ನಮಗೂ ಅವರಿಗೂ ಏನು ಸಂಬಂಧ ಎಂದು ಕೇಳಬೇಡಿ, ಸ್ವಲ್ಪ ಹೊತ್ತಿನಲ್ಲಿ ಗೋವಿನಜೋಳದ ಹೊಲವೇ ಬರುತ್ತದೆ.

ಹೇನ್ಸ್ ಹುಟ್ಟಿದ್ದು 1931ರಲ್ಲಿ, ಟೆಕ್ಸಾಸ್ ರಾಜ್ಯದಲ್ಲಿ. ಸೇನೆಯಲ್ಲಿ ವಿಮಾನ ನಡೆಸುವುದನ್ನು ಕಲಿತು 1956ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಸೇರಿದರು. ಸಿಯಾಟಲ್ ಊರಿನ ಕಡೆ ಮನೆ, ಹೆಂಡತಿ, ಮೂವರು ಮಕ್ಕಳು. ಮೂವತ್ತಕ್ಕೂ ಹೆಚ್ಚು ವರ್ಷ ಅವರ ಬಗ್ಗೆ ಯಾವ ಪತ್ರಿಕೆಯೂ ಬರೆಯಲಿಲ್ಲ. ಕೆಲಸ ಸರಿಯಾಗಿ ಮಾಡುವವರ ಸುದ್ದಿ ಬರುವುದೇ ಇಲ್ಲವಲ್ಲ.

1989ರ ಜುಲೈ 19. ಡೆನ್ವರ್‌ನಿಂದ ಶಿಕಾಗೋ ಕಡೆಗೆ 296 ಜನರಿದ್ದ ಡಿಸಿ-10 ವಿಮಾನ. ಅದಕ್ಕೆ ಮೂರು ಎಂಜಿನ್: ರೆಕ್ಕೆಗೊಂದೊಂದು, ಬಾಲದಲ್ಲೊಂದು. 37,000 ಅಡಿ ಎತ್ತರದಲ್ಲಿ ಬಾಲದ ಎಂಜಿನ್ನಿನ ಒಂದು ಚಕ್ರ ಒಡೆದು ಚೂರಾಯಿತು. ಆ ಚೂರುಗಳು ಹೈಡ್ರಾಲಿಕ್ ಕೊಳವೆಗಳನ್ನು ಕತ್ತರಿಸಿದವು. ಟ್ರ್ಯಾಕ್ಟರಿನ ಟ್ರೇಲರ್ ಎಣ್ಣೆಯ ಒತ್ತಡದಿಂದ ಮೇಲೇಳುವುದನ್ನು ನೀವು ನೋಡಿದ್ದೀರಿ. ಅಂಥದೇ ಒತ್ತಡದಿಂದ ಆ ವಿಮಾನದ ರೆಕ್ಕೆ, ಬಾಲಗಳ ಪಟ್ಟಿಗಳು ಅಲುಗಾಡಬೇಕು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಮೂರು ವ್ಯವಸ್ಥೆ ಇಟ್ಟಿದ್ದರು. ಮೂರೂ ಒಮ್ಮೆಗೇ ಹೋದವು. ಹಾಗಾದರೆ ಏನು ಮಾಡಬೇಕೆಂದು ಕೈಪಿಡಿಯಲ್ಲಿ ಇರಲಿಲ್ಲ, ಏಕೆಂದರೆ ಹಾಗೆ ಆಗುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದರು.

ಉಳಿದದ್ದು ಎರಡು ಎಂಜಿನ್ ಮಾತ್ರ. ಇಲ್ಲಿ ಕೂತಿರುವ ರೈತರಿಗೆ ಮುಂದಿನದು ಥಟ್ಟನೆ ಅರ್ಥವಾಗುತ್ತದೆ. ಚಕ್ಕಡಿಯ ಹಗ್ಗ ಹರಿದಿದೆ ಎಂದುಕೊಳ್ಳಿ. ಬಲಗಡೆಯ ಎತ್ತು ಮುಂದೆ ಎಳೆದರೆ ಬಂಡಿ ಎಡಕ್ಕೆ ಹೊರಳುತ್ತದೆ, ಎಡಗಡೆಯದು ಎಳೆದರೆ ಬಲಕ್ಕೆ. ಅವರು ವಿಮಾನ ನಡೆಸಿದ್ದು ಹಾಗೆಯೇ, ಒಂದು ಎಂಜಿನ್ನಿಗೆ ಹೆಚ್ಚು ಬಲ, ಇನ್ನೊಂದಕ್ಕೆ ಕಡಿಮೆ. ವಿಮಾನ ಮತ್ತೆ ಮತ್ತೆ ಬಲಕ್ಕೇ ತಿರುಗುತ್ತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು.

ಪ್ರಯಾಣಿಕರ ನಡುವೆ ಡೆನ್ನಿ ಫಿಚ್ ಎಂಬ ಪೈಲಟ್ ಇದ್ದರು. ಅದೇ ಸಂಸ್ಥೆಯಲ್ಲಿ ಪೈಲಟ್ಟುಗಳಿಗೆ ತರಬೇತಿ ಕೊಡುವವರು, ಅಂದು ಡ್ಯೂಟಿಯಲ್ಲಿ ಇರಲಿಲ್ಲ. ನಾನೇನಾದರೂ ಮಾಡಲೇ ಎಂದು ಗಗನಸಖಿಯ ಮೂಲಕ ಹೇಳಿ ಕಳಿಸಿದರು. ಹೇನ್ಸ್ ತಕ್ಷಣ ಒಳಗೆ ಕರೆದರು. ಹೇನ್ಸ್ ಮತ್ತು ಸಹ ಪೈಲಟ್ ರೆಕಾರ್ಡ್ಸ್ ಮುಂದಿನ ಹಿಡಿಕೆಗಳನ್ನು ಬಿಡುವಂತಿರಲಿಲ್ಲ. ಎಂಜಿನ್ನುಗಳ ಸನ್ನೆಕೋಲು ಹಿಡಿಯುವ ಕೆಲಸವನ್ನು ಫಿಚ್‌ಗೆ ಒಪ್ಪಿಸಿದರು. ಎಂಜಿನಿಯರ್ ಡ್ವೋರಾಕ್ ಕಂಪನಿಯವರೊಡನೆ ಮಾತಾಡುತ್ತಿದ್ದರು.

ಮಕ್ಕಳೆ, ಇದು ಸಣ್ಣ ಮಾತಲ್ಲ. ಹಿಂದೆ ವಿಮಾನದಲ್ಲಿ ಕ್ಯಾಪ್ಟನ್ ಅಂದರೆ ನಮ್ಮ ಮನೆಯ ಯಜಮಾನರ ಹಾಗೆ. ಅವರು ಹೇಳಿದ್ದೇ ಆಯಿತು, ಎದುರು ಮಾತಾಡುವಂತಿಲ್ಲ. ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾನೆಂದು ಪಕ್ಕದವರಿಗೆ ಗೊತ್ತಿದ್ದರೂ ಬಾಯಿ ಬಿಡದೆ ವಿಮಾನಗಳು ಬಿದ್ದದ್ದುಂಟು. ಅದಕ್ಕೇ 1980ರ ಸುಮಾರಿಗೆ ಯುನೈಟೆಡ್ ಸಂಸ್ಥೆ ಕಿರಿಯರ ಮಾತು ಕೇಳುವ ತರಬೇತಿಯನ್ನು ಕ್ಯಾಪ್ಟನ್‌ಗಳಿಗೆ ಕೊಡಲು ಶುರುಮಾಡಿತು. ಆ ತರಬೇತಿ ಇಲ್ಲದಿದ್ದರೆ ನಾವು ನೆಲ ಮುಟ್ಟುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ಹೇನ್ಸ್ ಹೋದಲ್ಲೆಲ್ಲ ಹೇಳಿದರು. ತರಗತಿಯಲ್ಲಿ “ಸರ್, ಆ ಲೆಕ್ಕ ತಪ್ಪೈತ್ರಿ” ಎಂದು ಎದ್ದು ನಿಲ್ಲುವ ಹುಡುಗಿ ನನಗೆ ಇಷ್ಟವಾಗುತ್ತಿದ್ದದ್ದು ಇದೇ ಕಾರಣಕ್ಕೆ. ಎಲ್ಲ ಮಾಸ್ತರರಿಗೂ ಇಷ್ಟವಾಗುವುದಿಲ್ಲ, ಅದೂ ಗೊತ್ತು.

ಸುಮಾರು 44 ನಿಮಿಷ ಹೀಗೆ ಹಾರಿ ಅಯೋವಾ ರಾಜ್ಯದ ಸೂ ಸಿಟಿ ನಿಲ್ದಾಣಕ್ಕೆ ಬಂದರು. ಯಾವ ರನ್‌ವೇ ಬೇಕಾದರೂ ನಿಮ್ಮದೇ ಎಂದು ಕೆಳಗಿನವರು ಹೇಳಿದಾಗ, ಓಹೋ, ರನ್‌ವೇ ಮೇಲೆಯೇ ಇಳಿಯಬೇಕೇ ಎಂದು ಹೇನ್ಸ್ ತಮಾಷೆ ಮಾಡಿದರು. ರನ್‌ವೇಯ ತನಕ ತಂದೇ ಬಿಟ್ಟರು. ಆದರೆ ಕೊನೆಯ ಕ್ಷಣದಲ್ಲಿ ಬಲ ರೆಕ್ಕೆ ನೆಲಕ್ಕೆ ತಾಗಿ ವಿಮಾನ ಮುರಿದು ಬೆಂಕಿ ಹತ್ತಿತು. ಒಂದು ದೊಡ್ಡ ಭಾಗ ಪಕ್ಕದ ಗೋವಿನಜೋಳದ ಹೊಲಕ್ಕೆ ಹೋಗಿ ಮಗುಚಿ ಬಿತ್ತು. ಆಳೆತ್ತರದ ಬೆಳೆಯೊಳಗಿಂದ ಜನ ಎದ್ದು ನಡೆದುಕೊಂಡು ಬಂದರು. ನಮ್ಮ ಜಿಲ್ಲೆಯವರಿಗೆ ಆ ಹೊಲ ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. 184 ಜನ ಉಳಿದರು, 112 ಜನ ತೀರಿಕೊಂಡರು. ಕಾಕ್‌ಪಿಟ್ ಎಷ್ಟು ಜಜ್ಜಿಹೋಗಿತ್ತೆಂದರೆ ಅದರಲ್ಲಿ ಮನುಷ್ಯರಿದ್ದಾರೆಂದು ಅರ್ಧ ಗಂಟೆಗೂ ಹೆಚ್ಚು ಹೊತ್ತು ಯಾರಿಗೂ ತಿಳಿಯಲಿಲ್ಲ. ನಾಲ್ವರೂ ಬದುಕಿದ್ದರು. ಆಮೇಲೆ ಬೇರೆ ಪೈಲಟ್ಟುಗಳು ಅದೇ ಸ್ಥಿತಿಯನ್ನು ತರಬೇತಿ ಯಂತ್ರದಲ್ಲಿ ಪ್ರಯತ್ನಿಸಿದರು, ಸುರಕ್ಷಿತವಾಗಿ ಇಳಿಸಲು ಆಗಲಿಲ್ಲ.

ಪತ್ರಿಕೆಗಳು ಬರೆಯುವುದು ಈ 44 ನಿಮಿಷವನ್ನು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಮೂವತ್ತು ವರ್ಷ.

ಜನ ಹೀರೋ ಎಂದರು, ಹೇನ್ಸ್ ಆ ಪದವನ್ನು ಒಪ್ಪಲಿಲ್ಲ. ತಾನು ಉಳಿದು ಅವರು ಹೋದರಲ್ಲ ಎಂಬ ಸಂಕಟ ಅವರನ್ನು ಬಿಡಲಿಲ್ಲ. ಅದನ್ನು ಮುಚ್ಚಿಡದೆ ಆಪ್ತಸಲಹೆ ಪಡೆದರು, ಪಡೆದೆ ಎಂದು ಸಭೆಗಳಲ್ಲಿ ಹೇಳಿದರು. ಮನಸ್ಸಿಗೆ ಪೆಟ್ಟಾದರೆ ಡಾಕ್ಟರ ಹತ್ತಿರ ಹೋಗಲು ನಾಚುವ ನಮ್ಮ ಗಂಡಸರು ಇದನ್ನು ಗಮನಿಸಬೇಕು. ಕೆಲವೇ ತಿಂಗಳಲ್ಲಿ ಮತ್ತೆ ವಿಮಾನ ಹತ್ತಿದರು, 1991ರಲ್ಲಿ ಅರವತ್ತು ತುಂಬಿದಾಗ ನಿವೃತ್ತರಾದರು. ನಂತರ ಊರೂರು ತಿರುಗಿ ಸಾವಿರಕ್ಕೂ ಹೆಚ್ಚು ಭಾಷಣ ಮಾಡಿದರು. ಉಳಿದದ್ದಕ್ಕೆ ಐದು ಕಾರಣ ಕೊಡುತ್ತಿದ್ದರು: ಅದೃಷ್ಟ, ಮಾತುಕತೆ, ಸಿದ್ಧತೆ, ಕಾರ್ಯ, ಸಹಕಾರ. ಅದೃಷ್ಟವನ್ನು ಮೊದಲು ಹೇಳುತ್ತಿದ್ದರು. ಸಿದ್ಧತೆ ಎಂದರೆ ತಮ್ಮದಷ್ಟೇ ಅಲ್ಲ. ಸೂ ಸಿಟಿಯ ಜನ ಎರಡು ವರ್ಷದ ಹಿಂದೆ, 1987ರಲ್ಲಿ, ವಿಮಾನ ಬಿದ್ದರೆ ಏನು ಮಾಡಬೇಕೆಂದು ಅಣಕು ಕಾರ್ಯಾಚರಣೆ ಮಾಡಿ ನೋಡಿದ್ದರು.

ಬಿಡುವಿದ್ದಾಗ ಅವರು ಮಾಡುತ್ತಿದ್ದದ್ದು ಸಣ್ಣ ಮಕ್ಕಳ ಬೇಸ್‌ಬಾಲ್ ಪಂದ್ಯಕ್ಕೆ ಅಂಪೈರ್ ಕೆಲಸ. ಹೈಸ್ಕೂಲಿನ ಫುಟ್‌ಬಾಲ್ ಪಂದ್ಯ ಇದ್ದರೆ ಮೈಕ್ ಹಿಡಿದು ಆಟಗಾರರ ಹೆಸರು ಕೂಗುವುದು. ಅಪಘಾತದ ಮೊದಲೂ ಮಾಡುತ್ತಿದ್ದರು, ನಂತರವೂ ಮಾಡಿದರು.

ಮನೆಯಲ್ಲಿ ಮಾತ್ರ ಒಂದರ ಮೇಲೊಂದು ಪೆಟ್ಟು. 1996ರಲ್ಲಿ ಹಿರಿಯ ಮಗ ಮೋಟಾರ್‌ಸೈಕಲ್ ಅಪಘಾತದಲ್ಲಿ ಹೋದ. 1999ರಲ್ಲಿ ಹೆಂಡತಿ ತೀರಿಕೊಂಡರು. ಆಮೇಲೆ ಮಗಳಿಗೆ ರಕ್ತದ ಕಾಯಿಲೆ, ಅಸ್ಥಿಮಜ್ಜೆ ಕಸಿ ಮಾಡಬೇಕು ಎಂದರು. ವಿಮೆಯ ಹಣ ಸಾಲಲಿಲ್ಲ. ಸುದ್ದಿ ಹೊರಗೆ ಬಂದದ್ದೇ ತಡ, ಗುರುತಿಲ್ಲದವರು ಹಣ ಕಳಿಸಿದರು. ಆ ವಿಮಾನದಲ್ಲಿ ಉಳಿದುಬಂದವರು ಕಳಿಸಿದರು. ಅಂದು ತಮ್ಮವರನ್ನು ಕಳೆದುಕೊಂಡ ಮನೆಗಳಿಂದಲೂ ಹಣ ಬಂತು. ಕಸಿ ಆಯಿತು, ಮಗಳು ಚೇತರಿಸಿಕೊಂಡಳು.

ಕ್ಯಾಪ್ಟನ್ ಹೇನ್ಸ್ 2019ರ ಆಗಸ್ಟ್ 25ರಂದು ಸಿಯಾಟಲ್‌ನಲ್ಲಿ ತೀರಿಕೊಂಡರು. ಇನ್ನು ಆರು ದಿನ ಕಳೆದಿದ್ದರೆ 88 ತುಂಬುತ್ತಿತ್ತು.

ಊಟಕ್ಕೆ ಹೊತ್ತಾಯಿತು ಎಂದು ಹಿಂದಿನಿಂದ ಚೀಟಿ ಬಂದಿದೆ.