ಡಯಾಲಿಸಿಸ್: ಯಾವ ವಿಧಾನ, ಯಾರಿಗೆ?



ಡಯಾಲಿಸಿಸ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಮರುದಿನದಿಂದಲೇ ಬಂಧುಗಳ ಸಲಹೆ ಶುರು: "ಇಂಥ ಕಡೆ ಹೊಸ ಯಂತ್ರ ಬಂದಿದೆಯಂತೆ, ಅಲ್ಲಿಗೇ ಹೋಗಿ." ಸಾಲ ಮಾಡಿಯಾದರೂ ಹೋಗಬೇಕೇ? ಆ ಪ್ರಶ್ನೆಯನ್ನೇ ಇಂದು ನೋಡೋಣ.

ಸಾಮಾನ್ಯ ಹಿಮೋಡಯಾಲಿಸಿಸ್‌ನಲ್ಲಿ ಕೂದಲೆಳೆಯಂಥ ಸಾವಿರಾರು ನಳಿಕೆಗಳೊಳಗೆ ರಕ್ತ ಹರಿಯುತ್ತದೆ. ಹೊರಗಡೆ ದ್ರಾವಣವು ಎದುರು ದಿಕ್ಕಿನಲ್ಲಿ ಹರಿಯುತ್ತದೆ. ನಿಮಿಷಕ್ಕೆ 500 ಮಿಲಿಲೀಟರ್ ಎಂದರೆ ನಾಲ್ಕು ಗಂಟೆಗೆ 120 ಲೀಟರ್! ಚಹಾದ ಬಣ್ಣ ನೀರಿಗೆ ಇಳಿಯುವಂತೆ ಯೂರಿಯಾ, ಪೊಟ್ಯಾಸಿಯಂ ಹೊರಗಿಳಿಯುತ್ತವೆ. ಆದರೆ ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಎಂಬುದು ಯೂರಿಯಾಗಿಂತ ಸುಮಾರು 200 ಪಟ್ಟು ಭಾರ. ಅದು ಹಾಗೆ ಸುಲಭವಾಗಿ ಇಳಿಯದು. ವರ್ಷಗಟ್ಟಲೆ ಶೇಖರವಾದರೆ ಕೀಲುನೋವು, ಕೈ ಜೋಮು ಬರುತ್ತವೆ.

ಹಿಮೋಡಯಾಫಿಲ್ಟ್ರೇಶನ್ ಯಂತ್ರವು ಇದರ ಜೊತೆಗೆ ಒತ್ತಡ ಹಾಕಿ ರಕ್ತದಿಂದ ಹೆಚ್ಚು ನೀರನ್ನು ಸೆಳೆಯುತ್ತದೆ, ಅದಕ್ಕೆ ಬದಲಾಗಿ ಶುದ್ಧ ದ್ರಾವಣವನ್ನು ರಕ್ತಕ್ಕೆ ಸೇರಿಸುತ್ತದೆ. ಆ ನೀರಿನ ಸೆಳೆತದಲ್ಲಿ ದೊಡ್ಡ ಕಣಗಳೂ ಕೊಚ್ಚಿಹೋಗುತ್ತವೆ. ಯುರೋಪಿನ 1,360 ರೋಗಿಗಳ ಮೇಲೆ ನಡೆದ 'ಕನ್ವಿನ್ಸ್' ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಸುಮಾರು ಎರಡೂವರೆ ವರ್ಷದಲ್ಲಿ ಈ ವಿಧಾನದವರಲ್ಲಿ ಶೇ. 17.3 ಮಂದಿ ತೀರಿಕೊಂಡರೆ, ಹೈ-ಫ್ಲಕ್ಸ್ ಹಿಮೋಡಯಾಲಿಸಿಸ್‌ನವರಲ್ಲಿ ಶೇ. 21.9. ಇದು ಸಣ್ಣ ಅಂತರವಲ್ಲ. ಆದರೆ ಷರತ್ತನ್ನು ಗಮನಿಸಿ: ಪ್ರತಿ ಸಲ ಕನಿಷ್ಠ 23 ಲೀಟರ್ ಸೋಸುವ ಗುರಿ ಅಲ್ಲಿತ್ತು, ಅದು ಸಾಧ್ಯವಾಗಬಲ್ಲವರನ್ನೇ ಆರಿಸಿದ್ದರು. ಕೈಯ ಫಿಸ್ಟುಲಾದಲ್ಲಿ ರಕ್ತ ಚೆನ್ನಾಗಿ ಹರಿಯದಿದ್ದರೆ ಅಷ್ಟು ಸೋಸಲಾಗದು. ದ್ರಾವಣ ನೇರ ರಕ್ತಕ್ಕೇ ಸೇರುವುದರಿಂದ ನೀರೂ ಅತಿಶುದ್ಧವಾಗಿರಬೇಕು.

ಮೂರನೆಯದು ಪೆರಿಟೋನಿಯಲ್ ಡಯಾಲಿಸಿಸ್. ಇಲ್ಲಿ ಹೊಟ್ಟೆಯೊಳಗಿನ ಪೊರೆಯೇ ಜರಡಿ. ಸಾಮಾನ್ಯವಾಗಿ ಎರಡು ಲೀಟರ್ ದ್ರಾವಣವನ್ನು ದಿನಕ್ಕೆ ನಾಲ್ಕು ಸಲ ಮನೆಯಲ್ಲೇ ಬದಲಾಯಿಸಬೇಕು. ಕೈ ತೊಳೆಯುವುದರಲ್ಲಿ ಉದಾಸೀನ ಮಾಡಿದರೆ ಸೋಂಕು ಖಚಿತವೆಂದೇ ತಿಳಿಯಿರಿ. ಊರಿಂದ ಬಸ್ಸು ಹಿಡಿದು ಬರುವವರಿಗೆ ಇದು ದೊಡ್ಡ ಅನುಕೂಲ. ಬಡವರಿಗಾಗಿ 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮಕ್ಕೆ 2019ರಲ್ಲಿ ಇದನ್ನೂ ಸೇರಿಸಲಾಯಿತು. ಆದರೂ ನಮ್ಮವರು ಇದರ ಬಗ್ಗೆ ಕೇಳುವುದೇ ಕಡಿಮೆ.

ನನ್ನ ಅಭಿಪ್ರಾಯ ಕೇಳಿದರೆ, ಕೈಗೆಟಕುವಂತಿದ್ದು ಫಿಸ್ಟುಲಾ ಚೆನ್ನಾಗಿದ್ದರೆ ಹಿಮೋಡಯಾಫಿಲ್ಟ್ರೇಶನ್ ಒಳ್ಳೆಯದೇ. ಅದಕ್ಕಾಗಿ ಜಮೀನು ಮಾರಬೇಡಿ. ಖರ್ಚಿಗೆ ಹೆದರಿ ವಾರಕ್ಕೆ ಎರಡೇ ಸಲ, ಅದೂ ಮೂರು ಗಂಟೆಗೇ ಎದ್ದು ಬರುವವರಿಗೆ ಹೊಸ ಯಂತ್ರಕ್ಕಿಂತ ಮೊದಲು ಬೇಕಾದದ್ದು ಪೂರ್ತಿ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ.

ಇನ್ನೊಂದು ಮಾತು. ಫಿಸ್ಟುಲಾ ಇರುವ ಕೈಯಲ್ಲಿ ಬಿ.ಪಿ. ನೋಡಲು, ಪರೀಕ್ಷೆಗೆ ರಕ್ತ ತೆಗೆಯಲು ಬಿಡಬೇಡಿ. ದಿನಾ ಬೆಳಿಗ್ಗೆ ಬೆರಳಿಟ್ಟು ನೋಡಿ; ಕಂಪನ ನಿಂತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.