‘ಹ್ಯಾಂಡ್’: ಒಂದು ಪದ, ನೂರು ಕೆಲಸ

(ಮರ್ಫಿ ಟೌನಿನಲ್ಲಿ ನಡೆದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂಗ್ಲಿಷ್ ಕಲಿಕೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ಇಂಗ್ಲಿಷ್ ಒಂದು ಸಮುದ್ರ. ಅರ್ಧ ಗಂಟೆಯಲ್ಲಿ ಸಮುದ್ರವನ್ನು ತೋರಿಸಲು ಯಾರಿಂದಲೂ ಆಗದು. ಆದ್ದರಿಂದ ಒಂದೇ ಒಂದು ಪದವನ್ನು ಆರಿಸಿಕೊಂಡು ಬಂದಿದ್ದೇನೆ. ಅದು ಎಲ್‌ಕೆಜಿ ಮಗುವಿಗೂ ಗೊತ್ತಿರುವ ಪದ: ‘ಹ್ಯಾಂಡ್’. ಹ್ಯಾಂಡ್ ಎಂದರೆ ಕೈ. ಅಷ್ಟೇ ತಾನೇ ಎಂದು ನೀವು ಕೇಳಬಹುದು. ಅಷ್ಟೇ ಅಲ್ಲ ಎಂಬುದನ್ನು ತಿಳಿಯದೆ ಕಷ್ಟಕ್ಕೆ ಸಿಲುಕುವವರು ನಮ್ಮ ನಡುವೆ ಇರುವುದರಿಂದಲೇ ಈ ಪದವನ್ನು ಆರಿಸಿದೆ.

ಮೊದಲು ಗಡಿಯಾರವನ್ನು ನೋಡಿ. ಇಂಗ್ಲಿಷಿನವನು ಅದರಲ್ಲಿ ‘ಕೈ’ ಕಂಡ, ಅವರ್ ಹ್ಯಾಂಡ್, ಮಿನಿಟ್ ಹ್ಯಾಂಡ್ ಎಂದ. ಕನ್ನಡಿಗರಿಗೆ ಅದು ‘ಮುಳ್ಳು’. ಉರ್ದುವಿನಲ್ಲಿ ಅದು ‘ಸೂಯೀ’, ಅಂದರೆ ಸೂಜಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ನಮ್ಮ ಬೆಂಗಳೂರಿನಲ್ಲೇ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಶುರುವಾಯಿತು. ಒಂದೇ ಗಡಿಯಾರವನ್ನು ನೋಡಿ ಒಬ್ಬ ಕೈ ಎಂದ, ಇನ್ನೊಬ್ಬ ಮುಳ್ಳು ಎಂದ, ಮತ್ತೊಬ್ಬ ಸೂಜಿ ಎಂದ. ಮೂವರೂ ಸರಿಯೇ. ಒಂದು ಭಾಷೆಯ ಪದಕ್ಕೆ ಇನ್ನೊಂದು ಭಾಷೆಯ ಪದವನ್ನು ಕಣ್ಣು ಮುಚ್ಚಿ ಅಂಟಿಸಬಾರದು ಎಂಬ ಮೊದಲ ಪಾಠ ಇಲ್ಲಿದೆ.

ಅದೇ ಗಡಿಯಾರದ ಮೂರನೇ ಮುಳ್ಳು ‘ಸೆಕೆಂಡ್ ಹ್ಯಾಂಡ್’. ಶಿವಾಜಿನಗರದ ಗುಜರಿಯಲ್ಲಿ ಸಿಗುವ ಹಳೆಯ ಬಿಡಿಭಾಗವೂ ‘ಸೆಕೆಂಡ್ ಹ್ಯಾಂಡ್’. ಇಲ್ಲಿ ಎರಡನೆಯ ಕೈಗೆ ಬಂದ ವಸ್ತು ಎಂಬ ಅರ್ಥ. ಉಚ್ಚಾರಣೆ ಒಂದೇ, ಅರ್ಥ ಎರಡು. ಯಾವುದೆಂದು ನಿರ್ಧರಿಸುವುದು ಸುತ್ತಲಿನ ಮಾತು.

ಕುದುರೆಯ ಎತ್ತರವನ್ನೂ ಇಂಗ್ಲಿಷರು ‘ಹ್ಯಾಂಡ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಹ್ಯಾಂಡ್ ಎಂದರೆ 4 ಅಂಗುಲ. 15 ಹ್ಯಾಂಡ್ ಕುದುರೆ ಎಂದರೆ ನೆಲದಿಂದ ಹೆಗಲಿನವರೆಗೆ 60 ಅಂಗುಲ, ಅಂದರೆ 5 ಅಡಿ. ಇದನ್ನು ಕೇಳಿ ನಗಬೇಡಿ. ಹಲಸೂರು ಮಾರುಕಟ್ಟೆಯಲ್ಲಿ ಹೂವನ್ನು ಇಂದಿಗೂ ಮೊಳದಲ್ಲಿ ಅಳೆದುಕೊಡುತ್ತಾರೆ. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ಅಳತೆಗೋಲು ಹುಟ್ಟುವ ಮೊದಲು ಮನುಷ್ಯನ ದೇಹವೇ ಎಲ್ಲ ದೇಶಗಳಲ್ಲೂ ಅಳತೆಗೋಲಾಗಿತ್ತು.

ಮೂಡಿಗೆರೆಯ ಬಳಿ ‘ಹ್ಯಾಂಡ್‌ಪೋಸ್ಟ್’ ಎಂಬ ಸ್ಥಳವಿದೆ. ಹೆಗ್ಗಡದೇವನಕೋಟೆಯ ಬಳಿಯೂ ಅದೇ ಹೆಸರಿನ ಸ್ಥಳವಿದೆ. ಹಿಂದೆ ರಸ್ತೆ ಕೂಡುವ ಕಡೆ ಕಂಬ ನೆಟ್ಟು, ಊರಿನ ದಾರಿ ತೋರಿಸಲು ಕೈಯಂತೆ ಚಾಚಿದ ಹಲಗೆ ಹಾಕುತ್ತಿದ್ದರು. ಆ ಕಂಬವೇ ಹ್ಯಾಂಡ್‌ಪೋಸ್ಟ್. ಕನ್ನಡದಲ್ಲಿ ಇದಕ್ಕೆ ‘ಕೈಮರ’ ಎಂಬ ಸೊಗಸಾದ ಪದವಿದೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಯ ಕಡೆ ಹೋಗುವವರು ಕೈಮರ ಎಂಬ ಸ್ಥಳವನ್ನು ದಾಟಿಯೇ ಹೋಗಬೇಕು. ಇಂಗ್ಲಿಷ್ ಹೆಸರಿನ ಊರೂ ಕನ್ನಡ ಹೆಸರಿನ ಊರೂ ಒಂದೇ ಜಿಲ್ಲೆಯಲ್ಲಿ ಒಂದೇ ಅರ್ಥ ಹೊತ್ತು ನಿಂತಿವೆ.

ಈಗ ನಮ್ಮ ಬಡಾವಣೆಗೆ ಬರೋಣ. ಮರ್ಫಿ ಟೌನಿಗೆ ಹಿಂದೆ ನಾಕ್ಸ್‌ಪೇಟೆ ಎಂಬ ಹೆಸರಿತ್ತು. ದಂಡಿನ ಆಡಳಿತದಲ್ಲಿದ್ದ ಮರ್ಫಿ ಎಂಬ ಎಂಜಿನಿಯರರ ಹೆಸರು ಆಮೇಲೆ ಬಂತು. ಇದು ದುಡಿಯುವ ಜನರ ಬಡಾವಣೆ. ಅಂದಿನ ಇಂಗ್ಲಿಷಿನಲ್ಲಿ ಗಿರಣಿ ಕೆಲಸಗಾರರಿಗೆ ‘ಮಿಲ್ ಹ್ಯಾಂಡ್ಸ್’ ಎನ್ನುತ್ತಿದ್ದರು. 1884ರಲ್ಲಿ ಶುರುವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಗಿರಣಿಯಂತಹ ಕಾರ್ಖಾನೆಗಳ ಕಾಲದ ಭಾಷೆ ಅದು. ಇಷ್ಟು ಹ್ಯಾಂಡ್ಸ್ ಬೇಕು ಎಂದರೆ ಇಷ್ಟು ಜನ ಬೇಕು ಎಂದರ್ಥ. ಮನುಷ್ಯನಿಗೆ ತಲೆಯಿದೆ, ಹೊಟ್ಟೆಯಿದೆ, ಮನೆಯಲ್ಲಿ ಮಕ್ಕಳಿದ್ದಾರೆ. ಲೆಕ್ಕದ ಪುಸ್ತಕಕ್ಕೆ ಮಾತ್ರ ಅವನ ಕೈ ಸಾಕಾಗಿತ್ತು. ಪದಗಳು ಮುಗ್ಧವಲ್ಲ ಮಕ್ಕಳೇ. ಯಾರು ಯಾರನ್ನು ಏನೆಂದು ಎಣಿಸುತ್ತಿದ್ದರು ಎಂಬುದನ್ನು ಅವು ಹೇಳಿಬಿಡುತ್ತವೆ.

ಇನ್ನು ಜೀವನಕ್ಕೆ ತಟ್ಟುವ ವಿಷಯಕ್ಕೆ ಬರುತ್ತೇನೆ. ದೊಡ್ಡವರೂ ಸ್ವಲ್ಪ ಗಮನ ಕೊಡಬೇಕು.

ನಮ್ಮ ಊರಿನಲ್ಲಿ ‘ಹ್ಯಾಂಡ್ ಲೋನ್’ ಎಂಬ ಮಾತು ದಿನವೂ ಕಿವಿಗೆ ಬೀಳುತ್ತದೆ. ಲಂಡನ್ನಿನಲ್ಲಿ ಹೋಗಿ ಹ್ಯಾಂಡ್ ಲೋನ್ ಎಂದರೆ ಮುಖ ನೋಡುತ್ತಾರೆ. ಏಕೆಂದರೆ ಇದು ನಮ್ಮ ‘ಕೈಸಾಲ’ ಕೋಟು ಹಾಕಿಕೊಂಡು ನಿಂತ ಪದ. ಆದರೆ ನಮ್ಮ ನ್ಯಾಯಾಲಯಗಳ ತೀರ್ಪುಗಳಲ್ಲಿ ಈ ಪದ ಧಾರಾಳವಾಗಿ ಬರುತ್ತದೆ. ಕೈಸಾಲ ಎಂದೊಡನೆ ಅದು ಬಾಯಿಮಾತಿನ ವ್ಯವಹಾರ, ಕಾನೂನಿಗೆ ಸಂಬಂಧವಿಲ್ಲ ಎಂದು ಹಲವರು ಭಾವಿಸುತ್ತಾರೆ. ಸಾಲದ ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ಕನ್ನು ಕೊಟ್ಟುಬಿಡುತ್ತಾರೆ. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ, ಕೊಡಬೇಕಾದ ಹಣಕ್ಕೆ ಕೊಟ್ಟ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ವಾಪಸಾಗಿ, ನೋಟಿಸು ಬಂದ ಮೇಲೂ ಹಣ ಕಟ್ಟದಿದ್ದರೆ 2 ವರ್ಷದವರೆಗೆ ಸೆರೆವಾಸ, ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ತಾನಾಗಿಯೇ ಸಹಿ ಮಾಡಿ ಕೊಟ್ಟ ಚೆಕ್ಕು ಖಾಲಿಯಾಗಿದ್ದರೂ, ಅದನ್ನು ಸಾಲಕ್ಕೆಂದೇ ಕೊಟ್ಟದ್ದು ಎಂದು ಕಾನೂನು ಊಹಿಸುತ್ತದೆ, ಹಾಗಲ್ಲ ಎಂದು ತೋರಿಸುವ ಹೊಣೆ ಕೊಟ್ಟವನದು ಎಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪದದಲ್ಲಿ ‘ಕೈ’ ಇದೆ, ಪರಿಣಾಮದಲ್ಲಿ ಕೋರ್ಟು ಇದೆ.

ಕೋರ್ಟಿನಿಂದ ಬರುವ ಸಮನ್ಸಿನ ಕೊನೆಯಲ್ಲಿ ‘ಗಿವನ್ ಅಂಡರ್ ಮೈ ಹ್ಯಾಂಡ್ ಅಂಡ್ ದಿ ಸೀಲ್ ಆಫ್ ದಿ ಕೋರ್ಟ್’ ಎಂದು ಬರೆದಿರುತ್ತದೆ. ಇಲ್ಲಿ ಹ್ಯಾಂಡ್ ಎಂದರೆ ಸಹಿ. ನನ್ನ ಸಹಿ ಮತ್ತು ನ್ಯಾಯಾಲಯದ ಮೊಹರಿನೊಡನೆ ನೀಡಲಾಗಿದೆ ಎಂದರ್ಥ. ಕೈಯ ಕೆಳಗೆ ಏನಿದೆ ಎಂದು ಹುಡುಕಬಾರದು. ಕಚೇರಿಯ ಲಕೋಟೆಯ ಮೇಲೆ ‘ಬೈ ಹ್ಯಾಂಡ್’ ಎಂದಿದ್ದರೆ ಅಂಚೆಯಲ್ಲಿ ಹಾಕದೆ ಖುದ್ದಾಗಿ ತಲುಪಿಸಿದ್ದು ಎಂದರ್ಥ.

ಕೆಲಸದ ಸಂದರ್ಶನಕ್ಕೆ ಹೋಗುವವರು ‘ಇನ್ ಹ್ಯಾಂಡ್’ ಎಂಬುದನ್ನು ಚೆನ್ನಾಗಿ ನೆನಪಿಡಬೇಕು. ನೇಮಕಾತಿ ಪತ್ರದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಸಿಟಿಸಿ ಎಂಬುದು ಕಂಪನಿಗೆ ನಿಮ್ಮಿಂದ ತಗಲುವ ಒಟ್ಟು ವೆಚ್ಚ. ಅದರಲ್ಲಿ ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲೂ ಸೇರಿರಬಹುದು. ನಿಮ್ಮ ವೇತನದಿಂದ ಸಾಮಾನ್ಯವಾಗಿ ಶೇ. 12ರಷ್ಟು ಅದೇ ನಿಧಿಗೆ ಮುರಿದುಕೊಳ್ಳುತ್ತಾರೆ. ಎಲ್ಲ ಕಳೆದು ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವುದು ‘ಇನ್ ಹ್ಯಾಂಡ್’. ಮನೆ ಬಾಡಿಗೆ ಕಟ್ಟುವುದು ಸಿಟಿಸಿಯಿಂದಲ್ಲ. ಆದ್ದರಿಂದ ‘ಇನ್ ಹ್ಯಾಂಡ್ ಎಷ್ಟು?’ ಎಂದು ವಿನಯದಿಂದ ಕೇಳಲು ನಾಚಬೇಡಿ.

ನಮಗೆ ಸುಲಭವಾಗಿ ಕಾಲೆಡವಿಸುವ ಒಂದು ಮಾತಿದೆ. ಇಂಗ್ಲಿಷಿನಲ್ಲಿ ‘ಗಿವ್ ಮಿ ಎ ಹ್ಯಾಂಡ್’ ಎಂದರೆ ನನಗೆ ನೆರವಾಗು ಎಂದರ್ಥ. ಕನ್ನಡದಲ್ಲಿ ‘ಅವನು ಕೈ ಕೊಟ್ಟ’ ಎಂದರೆ ಮೋಸ ಮಾಡಿ ಹೋದ ಎಂದರ್ಥ. ವೇದಿಕೆಯ ಮೇಲೆ ‘ಗಿವ್ ಹಿಮ್ ಎ ಬಿಗ್ ಹ್ಯಾಂಡ್’ ಎಂದರೆ ಜೋರಾಗಿ ಚಪ್ಪಾಳೆ ತಟ್ಟಿ ಎಂದು. ಉರ್ದುವಿನಲ್ಲಿ ನೆರವಾಗುವುದಕ್ಕೆ ‘ಹಾಥ್ ಬಟಾನಾ’, ಮಗಳ ಮದುವೆ ಮಾಡುವುದಕ್ಕೆ ‘ಹಾಥ್ ಪೀಲೇ ಕರ್ನಾ’, ಅಂದರೆ ಕೈ ಹಳದಿ ಮಾಡುವುದು. ಕನ್ನಡದಲ್ಲಿ ಮದುವೆಯಾಗುವುದು ‘ಕೈ ಹಿಡಿಯುವುದು’.

ಕೈ ಹಿಡಿಯುವುದು ಎಂದೊಡನೆ ಇನ್ನೊಂದು ಮಾತು ನೆನಪಾಗುತ್ತದೆ. ಫಾರಸಿಯಲ್ಲಿ ಕೈಗೆ ‘ದಸ್ತ್’ ಎನ್ನುತ್ತಾರೆ. ‘ದಸ್ತಗೀರ್’ ಎಂದರೆ ಕೈ ಹಿಡಿದು ಕಾಪಾಡುವವನು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇಡುವ ಹೆಸರು. ಅದೇ ಪದ ಕನ್ನಡದ ಪೊಲೀಸ್ ಠಾಣೆಗೆ ಬಂದು ‘ದಸ್ತಗಿರಿ’ ಆಯಿತು, ಅಂದರೆ ಬಂಧನ. ಅಲ್ಲಿಯೂ ಕೈ ಹಿಡಿಯುವುದೇ, ಇಲ್ಲಿಯೂ ಕೈ ಹಿಡಿಯುವುದೇ. ಹಿಡಿದವರು ಯಾರು, ಏಕೆ ಹಿಡಿದರು ಎಂಬುದರ ಮೇಲೆ ಅರ್ಥ ನಿಂತಿದೆ. ದಸ್ತಾವೇಜು ಎಂಬ ಕನ್ನಡ ಪದವೂ, ಸಹಿ ಎಂಬರ್ಥದ ದಸ್ತಖತ್ ಎಂಬ ಪದವೂ ಇದೇ ದಸ್ತ್‌ನ ಮಕ್ಕಳು.

ಲ್ಯಾಟಿನ್ ಭಾಷೆಯಲ್ಲಿ ಕೈಗೆ ‘ಮಾನುಸ್’ ಎನ್ನುತ್ತಿದ್ದರು. ಅದರಿಂದ ಬಂದದ್ದು ಮ್ಯಾನುಯಲ್, ಮ್ಯಾನುಸ್ಕ್ರಿಪ್ಟ್, ಮ್ಯಾನುಫ್ಯಾಕ್ಚರ್. ಮ್ಯಾನುಸ್ಕ್ರಿಪ್ಟ್ ಎಂದರೆ ಹಸ್ತಪ್ರತಿ. ಮ್ಯಾನುಫ್ಯಾಕ್ಚರ್ ಎಂದರೆ ಮೂಲದಲ್ಲಿ ಕೈಯಿಂದ ಮಾಡುವುದು. ಇಂದು ಯಂತ್ರಗಳೇ ಮಾಡಿದರೂ ಹಳೆಯ ಹೆಸರು ಉಳಿದುಕೊಂಡಿದೆ. ಸರ್ಜರಿ ಎಂಬುದರ ಗ್ರೀಕ್ ಮೂಲದಲ್ಲೂ ‘ಕೈಕೆಲಸ’ ಎಂಬ ಅರ್ಥವಿದೆ. ನಮ್ಮವರು ಒಳ್ಳೆಯ ವೈದ್ಯರಿಗೆ ‘ಕೈಗುಣ’ ಇದೆ ಎನ್ನುವಾಗ ಎಷ್ಟು ಹಳೆಯ ಸತ್ಯವನ್ನು ಹೇಳುತ್ತಿದ್ದಾರೆ ನೋಡಿ.

‘ಹ್ಯಾಂಡಿಕ್ಯಾಪ್’ ಎಂಬ ಪದದ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ಅಂಗವಿಕಲರು ಟೋಪಿ ಹಿಡಿದು ಭಿಕ್ಷೆ ಬೇಡುತ್ತಿದ್ದರು, ಅದರಿಂದ ಈ ಪದ ಬಂತು ಎಂದು ಹೇಳುವವರಿದ್ದಾರೆ. ಅದು ಕಟ್ಟುಕತೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ವಸ್ತುಗಳನ್ನು ಅದಲುಬದಲು ಮಾಡಿಕೊಳ್ಳುವ ಒಂದು ಆಟವಿತ್ತು. ಆಟಗಾರರು ಪಣದ ಹಣವಿದ್ದ ಟೋಪಿಯೊಳಗೆ ಕೈ ಹಾಕುತ್ತಿದ್ದರು. ಆ ‘ಹ್ಯಾಂಡ್ ಇನ್ ಕ್ಯಾಪ್’ ಆಮೇಲೆ ಕುದುರೆ ಪಂದ್ಯಕ್ಕೆ ಹೋಯಿತು. ಪಂದ್ಯ ಸಮವಾಗಿರಲೆಂದು ಬಲವಾದ ಕುದುರೆಯ ಮೇಲೆ ಹೆಚ್ಚು ತೂಕ ಹೊರಿಸುವುದಕ್ಕೆ ಹ್ಯಾಂಡಿಕ್ಯಾಪ್ ಎಂದರು. ಮನುಷ್ಯರಿಗೆ ಅದನ್ನು ಬಳಸಿದ್ದು ಬಹಳ ತಡವಾಗಿ. ಇಂದು ಆ ಪದವನ್ನು ಬಿಡಬೇಕೆಂದು ಹೇಳುತ್ತಾರೆ. ನಮ್ಮ ದೇಶದ 1995ರ ಕಾಯ್ದೆಯ ಹೆಸರಿನಲ್ಲೂ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆಯ ಹೆಸರಿನಲ್ಲೂ ಹ್ಯಾಂಡಿಕ್ಯಾಪ್ ಎಂಬ ಪದವಿಲ್ಲ, ಡಿಸಬಿಲಿಟಿ ಎಂಬ ಪದವಿದೆ. ತರಗತಿಯಲ್ಲಿ ಗೆಳೆಯನನ್ನು ಹೇಗೆ ಕರೆಯುತ್ತೀರಿ ಎಂಬುದೂ ಭಾಷಾಜ್ಞಾನವೇ.

ವಿದ್ಯಾರ್ಥಿಗಳೇ, ಇಷ್ಟು ಹೇಳಿದ್ದು ನಿಮ್ಮನ್ನು ಹೆದರಿಸಲು ಅಲ್ಲ. ಮೂರು ಸಲಹೆಗಳನ್ನು ಕೊಟ್ಟು ಮುಗಿಸುತ್ತೇನೆ.

ಮೊದಲನೆಯದು: ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಜೊತೆಗಾರರೊಡನೆ ಕಲಿಯಿರಿ. ‘ಅಟ್ ಹ್ಯಾಂಡ್’ ಎಂದರೆ ಹತ್ತಿರದಲ್ಲಿ, ‘ಔಟ್ ಆಫ್ ಹ್ಯಾಂಡ್’ ಎಂದರೆ ಹಿಡಿತ ಮೀರಿ, ‘ಅಂಡರ್‌ಹ್ಯಾಂಡ್’ ಎಂದರೆ ಕಳ್ಳದಾರಿಯ, ‘ಹೈ ಹ್ಯಾಂಡೆಡ್’ ಎಂದರೆ ದರ್ಪದ. ಹಿಂದೆ ಮುಂದೆ ಬರುವ ಪುಟ್ಟ ಪದವೇ ದಿಕ್ಕು ತೋರಿಸುವ ಕೈಮರ.

ಎರಡನೆಯದು: ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಒಂದು ಪದ ಸಾಕು. ಪಕ್ಕದಲ್ಲಿ ಕನ್ನಡದಲ್ಲಿ ಏನೆನ್ನುತ್ತೇವೆ, ಮನೆಯ ಉರ್ದುವಿನಲ್ಲಿ ಏನೆನ್ನುತ್ತೇವೆ ಎಂದು ಬರೆಯಿರಿ. ಕನ್ನಡ ಮಾಧ್ಯಮ, ಉರ್ದು ಮಾಧ್ಯಮ ಎಂದು ತಲೆ ತಗ್ಗಿಸಬೇಡಿ. ಮೂರು ಭಾಷೆ ತಿಳಿದವನಿಗೆ ಒಂದೇ ಪದವನ್ನು ಮೂರು ಕಿಟಕಿಗಳಿಂದ ನೋಡುವ ಅನುಕೂಲವಿದೆ.

ಮೂರನೆಯದು: ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಮನೆಯ ಹಿರಿಯರಿಂದಲೂ ಹಾಕಿಸಬೇಡಿ. ಓದು ಬಾರದ ಅಜ್ಜಿಗೆ, ಕೆಲಸದಿಂದ ದಣಿದು ಬಂದ ಅಪ್ಪನಿಗೆ ಬ್ಯಾಂಕಿನ ಅರ್ಜಿಯನ್ನೋ ಬಾಡಿಗೆ ಕರಾರನ್ನೋ ಸಾಲುಸಾಲಾಗಿ ಓದಿ ಹೇಳಿ. ನೀವು ಕಲಿತ ಇಂಗ್ಲಿಷಿನ ಮೊದಲ ಪರೀಕ್ಷೆ ಅದೇ.

ನಮ್ಮ ಕನ್ನಡದಲ್ಲಿ ಶಕ್ತಿಯ ಮಾತೇ ಕೈಯಿಂದ ಹುಟ್ಟಿದೆ. ಸಾಧ್ಯವಾದರೆ ‘ಕೈಲಾಗುತ್ತೆ’ ಎನ್ನುತ್ತೇವೆ, ಸೋತರೆ ‘ಕೈಲಾಗಲ್ಲ’ ಎನ್ನುತ್ತೇವೆ. ಇಂಗ್ಲಿಷ್ ನನ್ನ ಕೈಲಾಗಲ್ಲ ಎನ್ನುವ ಮಕ್ಕಳು ಒಂದು ವರ್ಷ ದಿನಕ್ಕೊಂದು ಪದವನ್ನು ಹಿಡಿದು ನೋಡಲಿ. ವರ್ಷದ ಕೊನೆಗೆ 365 ಪದಗಳು ನಿಮ್ಮ ಕೈಯಲ್ಲಿರುತ್ತವೆ.